ಪರಿಹಾರ ಧನದಲ್ಲಿ ಮಕ್ಕಳ ಗಂಜಿ



ಮರಗಸಿಯ ಕಾಲ ಬಂದಾಗಲೆಲ್ಲ ನನಗೆ ಒಬ್ಬನ ನೆನಪಾಗುತ್ತದೆ. ಕೆಲವು ವರ್ಷಗಳ ಹಿಂದೆ ನೆರೆಯ ಕಾಫಿ ತೋಟವೊಂದರಲ್ಲಿ ನೆರಳಿನ ಮರದಿಂದ ಬಿದ್ದು ಬೆನ್ನುಮೂಳೆ ಮುರಿದುಕೊಂಡ. 35ರ ಪ್ರಾಯ, ಎರಡು ಮಕ್ಕಳು. ಪರಿಹಾರ ಧನವೇನೋ ಬಂತು. ಅದು ಅಣ್ಣನ ಸಾಲಕ್ಕೆ, ನಾಟಿ ಔಷಧಿಗೆ, ಅರ್ಧಕ್ಕೆ ನಿಂತ ಒಂದು ಮನೆಗೆ ಹೋಯಿತು. ಹೆಂಡತಿ ಮಕ್ಕಳನ್ನು ಕರೆದುಕೊಂಡು ತವರು ಸೇರಿದಳು, ಆಮೇಲೆ ಮಕ್ಕಳ ಜೀವನಾಂಶಕ್ಕೆ ಅರ್ಜಿ ಹಾಕಿದಳು. "ಹಾಸಿಗೆ ಹಿಡಿದವನ ಹತ್ತಿರ ಏನು ಕೇಳುತ್ತಾಳೆ?" ಎಂದು ಊರವರೆಲ್ಲ ಅವಳನ್ನೇ ಬೈದರು. ನಾನೂ ಹಾಗೆಯೇ ಅಂದುಕೊಂಡವನು.

ಈಗ ಹಾಗನ್ನಿಸುವುದಿಲ್ಲ. ಪರಿಹಾರ ಧನವೆಂದರೆ ನಿಂತುಹೋದ ಕೂಲಿಯ ಬದಲಿಗೆ ಬಂದ ಹಣ. ಆ ಕೂಲಿಯಲ್ಲಿ ಮಕ್ಕಳ ಗಂಜಿಯೂ ಇತ್ತಲ್ಲವೆ? ಹಿಂದಿನ 125ನೇ ಕಲಮು 2024ರ ಜುಲೈಯಿಂದ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಾಗಿದೆ. ಮಕ್ಕಳ ಹಕ್ಕು ಹಾಗೆಯೇ ಇದೆ. ಆದರೆ ಕೊಡಲು ತಂದೆಯ ಕೈಯಲ್ಲಿ ಏನಾದರೂ ಇರಬೇಕು. ಇವನಲ್ಲಿ ಉಳಿದದ್ದು ಅಂಗವಿಕಲ ವೇತನ ಮಾತ್ರ. ಅದರಲ್ಲಿ ಕೇಂದ್ರದ ಪಾಲು, ಅದೂ ಶೇ. 80ಕ್ಕೆ ಕಡಿಮೆಯಿಲ್ಲದ ವೈಕಲ್ಯವಿರುವ ಬಡವರಿಗೆ, ತಿಂಗಳಿಗೆ 300 ರೂಪಾಯಿ! ರಾಜ್ಯದ್ದನ್ನು ಸೇರಿಸಿದರೂ ಅವನ ಔಷಧಿಗೇ ಸಾಲದು. ಅಮೆರಿಕದ ಸಾಮಾಜಿಕ ಭದ್ರತೆಯಲ್ಲಿ, ದುಡಿಯಲಾರದವನ 18 ತುಂಬದ ಮಕ್ಕಳಿಗೆ ಅವನ ಮೊತ್ತದ ಅರ್ಧದವರೆಗೆ ಬೇರೆಯಾಗಿಯೇ ಸಿಗಬಹುದು. ನಮ್ಮಲ್ಲಿ ಎಲ್ಲವೂ ಒಬ್ಬನ ಹೆಸರಿಗೆ.

ಇದರಲ್ಲಿ ನಮ್ಮ ಪಾಲಿನ ತಪ್ಪೂ ಇದೆ. ಶಾಶ್ವತ ಪೂರ್ಣ ವೈಕಲ್ಯಕ್ಕೆ ಕಾಯ್ದೆಯ ಲೆಕ್ಕವೆಂದರೆ, ತಿಂಗಳ ಕೂಲಿಯ ಶೇ. 60 ಭಾಗವನ್ನು ವಯಸ್ಸಿಗೆ ಗೊತ್ತುಮಾಡಿದ ಅಂಕದಿಂದ ಗುಣಿಸುವುದು. 35 ವರ್ಷದವನಿಗೆ ಆ ಅಂಕ 197.06. ನಿಜವಾದ ಕೂಲಿ 12,000 ಇದ್ದರೆ 14,18,832 ರೂಪಾಯಿ ಬರಬೇಕು. ಚೆಕ್‌ರೋಲಿನಲ್ಲಿ 8,000 ಎಂದು ಬರೆದಿದ್ದರೆ ಬರುವುದು 9,45,888. ರೈಟರ್ ಬರೆದ, ನಾವು ನೋಡದೆ ಸಹಿ ಹಾಕಿದೆವು ಎನ್ನುವುದು ಸಬೂಬು. ಆ ನಾಲ್ಕೂಮುಕ್ಕಾಲು ಲಕ್ಷ ಯಾರ ತಟ್ಟೆಯಿಂದ ಹೋಯಿತು?

"ನಮ್ಮದು ಐದೆಕರೆ, ನಮಗೆಲ್ಲಿಯ ಕಾಯ್ದೆ" ಎನ್ನುವ ಸದಸ್ಯರಿದ್ದಾರೆ. ಅನ್ವಯವಾಗುತ್ತದೆಯೋ ಇಲ್ಲವೋ ವಕೀಲರು ವಾದಿಸಲಿ. ಅಡಿಕೆಗೆ ಫೈಬರ್ ದೋಟಿ ಬಂದರೂ ಮರ ಹತ್ತಿಸುವುದು ನಿಂತಿಲ್ಲ, ಕರಿಮೆಣಸಿಗೆ ಏಣಿ ಹಾಕಿಸುವುದು ನಿಂತಿಲ್ಲ. ಅಪಘಾತ ವಿಮೆಯ ಕಂತು ಒಂದು ಚೀಲ ಗೊಬ್ಬರಕ್ಕಿಂತ ದೊಡ್ಡ ಭಾರವೇನಲ್ಲ.

ಮುಂದಿನ ಮಹಾಸಭೆಯಲ್ಲಿ ಒಂದು ಠರಾವು ಮಂಡಿಸಲಿದ್ದೇನೆ. ಆಳುಗಳ ಗುಂಪು ವಿಮೆಯ ಅರ್ಧ ಕಂತನ್ನು ಸಂಘ ಭರಿಸಬೇಕು. ಪರಿಹಾರ ಬಂದಾಗ ಗಾಯಾಳುವೂ ಹೆಂಡತಿಯೂ ಒಪ್ಪಿದರೆ ಒಂದು ಭಾಗವನ್ನು ಮಕ್ಕಳ ಹೆಸರಿನಲ್ಲಿ ಅವರು 18 ತುಂಬುವ ತನಕ ಠೇವಣಿ ಇಡಲು ಸಂಘವೇ ನೆರವಾಗಬೇಕು. ಬಡ್ಡಿ ತಿಂಗಳು ತಿಂಗಳು ತಾಯಿಯ ಕೈಗೆ ಹೋಗಲಿ. ಆಕ್ಷೇಪಣೆ ಇರುವವರು ಮೊದಲೇ ಬರೆದು ಕೊಡಿ. ಬರುವಾಗ ದಯವಿಟ್ಟು ನಿಮ್ಮ ಚೆಕ್‌ರೋಲ್ ಪುಸ್ತಕವನ್ನೂ ತನ್ನಿ.

— ಕಾರ್ಯದರ್ಶಿ