ಸೊಂಟ ಬಿದ್ದ ನಾಯಿಗೆ ಸೂಜಿಯೊಂದೇ ಸಾಕೇ?

ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ಸುಗ್ಗಿ ಬಂತೆಂದರೆ ಲಾರಿಗಳ ಸಾಲು. ಆ ಲಾರಿಗಳ ನೆರಳಲ್ಲೇ ಬೀದಿನಾಯಿಗಳ ನಿದ್ದೆ. ಮೋಟೆಬೆನ್ನೂರಿನಿಂದ ರಾಣೆಬೆನ್ನೂರಿನವರೆಗೆ ಹೆದ್ದಾರಿಯ ಕಥೆಯೂ ಅಷ್ಟೆ. ಗಾಲಿ ತಾಗಿದ ನಾಯಿ ಹಿಂಗಾಲು ಎಳೆಯುತ್ತ ಯಾವುದೋ ಅಂಗಡಿ ಕಟ್ಟೆಗೆ ಬಂದು ಬೀಳುತ್ತದೆ. "ಸೊಂಟ ಹೋತ್ರಿ, ಇನ್ನ ಇದು ಉಳಿಯಂಗಿಲ್ಲ" ಎಂದು ನಾಲ್ಕು ಮಂದಿ ತೀರ್ಪು ಕೊಟ್ಟು ಬಸ್ಸು ಹತ್ತುತ್ತಾರೆ. ಮೊಬೈಲಿನಲ್ಲಿ ವಿಡಿಯೋ ಕಂಡವರದು ಇನ್ನೊಂದು ಮಾತು: "ಕರೆಂಟಿನ ಸೂಜಿ ಚುಚ್ಚಿದ್ರ ಎದ್ದು ಓಡತೈತ್ರಿ!"

ಎರಡೂ ಅವಸರದ ಮಾತೇ.

ಎಲೆಕ್ಟ್ರೋ ಅಕ್ಯುಪಂಕ್ಚರ್ ಮಾಟವಲ್ಲ, ಮಂತ್ರವಲ್ಲ. ಬೆನ್ನೆಲುಬಿನ ಅಕ್ಕಪಕ್ಕ, ಕಾಲಿನಲ್ಲಿ ಕೂದಲೆಳೆಯಂಥ ಸೂಜಿ ಚುಚ್ಚಿ, ಸಣ್ಣ ಯಂತ್ರದಿಂದ ಅತಿ ಕಡಿಮೆ ವಿದ್ಯುತ್ ಹರಿಸುತ್ತಾರೆ. ನೋವು ತಗ್ಗೀತು, ನರ ಚೇತರಿಸಿಕೊಳ್ಳಲು ನೆರವಾದೀತು. ಬ್ರೆಜಿಲ್ಲಿನ ಪಶುವೈದ್ಯರು 2010ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಈ ಚಿಕಿತ್ಸೆ ಪಡೆದ 19 ನಾಯಿಗಳ ಪೈಕಿ 15 ಸುಧಾರಿಸಿದವು. ಬರೀ ಆಪರೇಷನ್ ಆದ 10ರಲ್ಲಿ 4 ಮಾತ್ರ. ಆದರೆ ನಾಯಿಗಳ ಸಂಖ್ಯೆ ಸಣ್ಣದು. ಮೇಲಾಗಿ ಅವು ಬೆನ್ನಿನ ಡಿಸ್ಕ್ ಜಾರಿ ಕಾಲು ಸೋತವು, ಲಾರಿ ಬಡಿದವಲ್ಲ.

ವ್ಯತ್ಯಾಸ ಇಲ್ಲೇ ಇದೆ. ಮುರಿದ ಎಲುಬನ್ನು ಸೂಜಿ ಕೂಡಿಸದು. ಮೊದಲು ಎಕ್ಸ್-ರೇ ಆಗಬೇಕು. ಎಲುಬು ಸರಿದಿದ್ದರೆ ಆಪರೇಷನ್, ಇಲ್ಲವೇ ಅಲುಗಾಡದಂತೆ ವಾರಗಟ್ಟಲೆ ವಿಶ್ರಾಂತಿ. ಸೂಜಿ ಬರುವುದು ಆಮೇಲೆ, ಅದೂ ಜೊತೆಗಾರನಾಗಿ. ವೈದ್ಯರು ಹಿಂಗಾಲ ಬೆರಳನ್ನು ಗಟ್ಟಿ ಹಿಸುಕಿದಾಗ ನಾಯಿ ತಿರುಗಿ ನೋಡಿದರೆ, ಕುಂಯ್‌ಗುಟ್ಟಿದರೆ ಆಸೆ ಉಂಟು. ಬರೀ ಕಾಲು ಎಳೆದುಕೊಂಡರೆ ಸಾಲದು.

ಅಂಗಡಿಕಾರರು ಮಾಡಬಹುದಾದದ್ದೂ ಇದೆ. ಕಾಲು ಹಿಡಿದು ಎಳೆಯಬೇಡಿ, ಎತ್ತಿ ನಿಲ್ಲಿಸಬೇಡಿ. ಹಲಗೆಯ ಮೇಲೆ ಮೆಲ್ಲಗೆ ಸರಿಸಿ ಪಶು ಆಸ್ಪತ್ರೆಗೆ ಒಯ್ಯಿರಿ. ಮೆಡಿಕಲ್ ಶಾಪಿನ ನೋವಿನ ಗುಳಿಗೆ ಕೊಡಬೇಡಿ. ಮನುಷ್ಯರ ಗುಳಿಗೆ ನಾಯಿಗೆ ವಿಷವಾದೀತು. ನೋವಿನ ನಾಯಿ ಸಾಕಿದವರನ್ನೂ ಕಚ್ಚುತ್ತದೆ. ಕಚ್ಚಿದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಬೇಕು.

ಇನ್ನು ಸರಕಾರದ ಪಾಲು. ಅಕ್ಕಪಕ್ಕದ ಶಿವಮೊಗ್ಗ, ಗದಗಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ಅಲ್ಲಿನ ತಜ್ಞರು ವಾರಕ್ಕೊಂದು ದಿನ ಹಾವೇರಿಗೆ ಬರುವಂತಾಗಲಿ. ನಾಯಿಗೆ ಎಕ್ಸ್-ರೇ ಆ ದಿನವೇ ಸಿಗಲಿ, ಸೂಜಿ ವಿದ್ಯೆಯನ್ನು ಇಲ್ಲಿಯ ಒಬ್ಬ ವೈದ್ಯರಾದರೂ ಕಲಿಯಲಿ. ಮೂರೂ ಊರಿಗೆ ಅಷ್ಟು ಸಾಕು.

ರಾತ್ರಿಯಿಡೀ ಅಂಗಡಿ ಬಾಗಿಲು ಕಾಯುವ ನಾಯಿಗೆ ಪಗಾರವಿಲ್ಲ, ರಜೆಯಿಲ್ಲ. ಸೊಂಟ ಬಿದ್ದ ದಿನ ಒಂದು ಹಲಗೆಯಾದರೂ ಬೇಡವೇ?