ಒಣಬೇಸಾಯದ ನಾಡಿನಲ್ಲಿ ಕೀಟನಾಶಕದ ಮಾರುಕಟ್ಟೆ

ಭಾರತದಲ್ಲಿ ಕೀಟನಾಶಕಗಳ ಕುರಿತ ಚರ್ಚೆ ಬಹಳ ಸಲ ಒಂದು ಸರಾಸರಿ ಅಂಕಿಯ ಹತ್ತಿರ ಬಂದು ನಿಂತುಬಿಡುತ್ತದೆ. ಚೀನಾ, ಜಪಾನ್ ದೇಶಗಳಿಗೆ ಹೋಲಿಸಿದರೆ ಇಲ್ಲಿ ಹೆಕ್ಟೇರಿಗೆ ಬಳಕೆಯಾಗುವ ಕೀಟನಾಶಕ ತೀರ ಕಡಿಮೆ, ಆದ್ದರಿಂದ ಆತಂಕಕ್ಕೆ ಕಾರಣವಿಲ್ಲವೆಂದು ಉದ್ಯಮದ ವಕ್ತಾರರು ವಾದಿಸುತ್ತಾರೆ. ಲೆಕ್ಕ ಸುಳ್ಳಲ್ಲ. ಆದರೆ ಔಷಧಿಯ ವಾಸನೆಯನ್ನೇ ಕಾಣದ ರಾಗಿ, ನವಣೆ, ಜೋಳದ ಹೊಲಗಳನ್ನೂ, ಒಂದೇ ಹಂಗಾಮಿನಲ್ಲಿ ಹತ್ತಾರು ಸಲ ಸಿಂಪಡಣೆಗೆ ಒಳಗಾಗುವ ಹತ್ತಿ, ಮೆಣಸಿನಕಾಯಿ, ದ್ರಾಕ್ಷಿ, ದಾಳಿಂಬೆಯ ಭೂಮಿಯನ್ನೂ ಒಟ್ಟಿಗೆ ಸೇರಿಸಿ ಭಾಗಿಸಿದಾಗ ಬರುವ ಸಂಖ್ಯೆ ಯಾವ ಹೊಲದ ಸ್ಥಿತಿಯನ್ನೂ ಹೇಳುವುದಿಲ್ಲ. ಕುಲಾಂತರಿ ತಳಿಯಾದ ಬಿಟಿ ಹತ್ತಿ ಬರುವುದಕ್ಕೆ ಮುಂಚೆ, ದೇಶದ ಸಾಗುವಳಿ ಪ್ರದೇಶದಲ್ಲಿ ಸುಮಾರು ಶೇ. 5ರಷ್ಟನ್ನು ಮಾತ್ರ ಆವರಿಸಿದ್ದ ಹತ್ತಿ ಒಟ್ಟು ಕೀಟನಾಶಕದ ಅರ್ಧದಷ್ಟನ್ನು ನುಂಗುತ್ತಿತ್ತೆಂಬ ಅಂದಾಜು ಕೃಷಿ ಸಾಹಿತ್ಯದಲ್ಲಿ ಮತ್ತೆ ಮತ್ತೆ ಕಾಣಿಸುತ್ತದೆ. ಪ್ರಶ್ನೆಯನ್ನು ಇಡೀ ದೇಶದ ಸರಾಸರಿಯಿಂದ ಬಿಡಿಸಿ, ಈ ಸರಕು ಯಾರ ಕೈಗೆ, ಯಾರ ಸಲಹೆಯ ಮೇಲೆ, ಯಾವ ಶರತ್ತಿನಲ್ಲಿ ತಲುಪುತ್ತದೆ, ಅದನ್ನು ಕಲಸಲು ಹೊಲದಲ್ಲಿ ಎಷ್ಟು ನೀರಿದೆ ಎಂಬ ಕಡೆಗೆ ತಿರುಗಿಸಿದರೆ ಮಾತ್ರ ಚರ್ಚೆಗೆ ನೆಲೆ ಸಿಗುತ್ತದೆ.

ಈ ಕೊನೆಯ ಅಂಶವಂತೂ ನೀತಿ ನಿರೂಪಣೆಯಲ್ಲಿ ಬಹುತೇಕ ಕಾಣೆಯಾಗಿದೆ. ಜಗತ್ತಿನ ಜನಸಂಖ್ಯೆಯ ಶೇ. 18ರಷ್ಟನ್ನು ಹೊಂದಿರುವ ಭಾರತಕ್ಕೆ ದಕ್ಕಿರುವ ಸಿಹಿನೀರು ಶೇ. 4ರಷ್ಟು ಮಾತ್ರ, ಕರ್ನಾಟಕದಲ್ಲಿ ಸಾಗುವಳಿಯ ಬಹುಪಾಲು ಇಂದಿಗೂ ಮಳೆಯನ್ನೇ ನಂಬಿದೆ. ಕೀಟನಾಶಕವಾದರೋ ಮೂಲತಃ ನೀರಿನೊಂದಿಗೆ ಬಳಸುವ ವಸ್ತು. ಕೈಪಂಪಿನ ಸಾಮಾನ್ಯ ಸಿಂಪಡಣೆಗೆ ಎಕರೆಗೆ ಸುಮಾರು 200 ಲೀಟರ್ ನೀರು ಬೇಕೆಂದು ಶಿಫಾರಸು ಮಾಡಲಾಗುತ್ತದೆ. ಅಂದರೆ 16 ಲೀಟರ್ ಹಿಡಿಸುವ ಬೆನ್ನಿನ ಪಂಪಿನಲ್ಲಿ ಹನ್ನೆರಡು ಹದಿಮೂರು ಪಂಪು. ನೀರನ್ನು ಬ್ಯಾರಲ್‌ಗಳಲ್ಲಿ ತುಂಬಿ ಎತ್ತಿನಗಾಡಿಯಲ್ಲೋ ಟ್ರ್ಯಾಕ್ಟರಿನಲ್ಲೋ ಮೈಲುಗಟ್ಟಲೆ ಹೊತ್ತು ತರಬೇಕಾದ ಎರೆಹೊಲದಲ್ಲಿ ಇದು ಆಗುವ ಮಾತಲ್ಲ, ಐದಾರು ಪಂಪಿಗೆ ಎಕರೆ ಮುಗಿಯುತ್ತದೆ. ಆಗ ಎರಡರಲ್ಲಿ ಒಂದು ಘಟಿಸುತ್ತದೆ. ಎಕರೆಯ ಪೂರ್ಣ ಔಷಧಿಯನ್ನು ಅರ್ಧ ನೀರಿಗೆ ಬೆರೆಸಿದರೆ ದ್ರಾವಣ ಎರಡು ಪಟ್ಟು ಕಟುವಾಗಿ ಎಲೆ ಸುಡುತ್ತದೆ, ಹೊಡೆಯುವವನ ಮೈಮೇಲೆ ಬೀಳುವ ಹನಿಯೂ ಅಷ್ಟೇ ಕಟುವಾಗುತ್ತದೆ. ಪಂಪಿಗೆ ಇಷ್ಟು ಮುಚ್ಚಳವೆಂಬ ರೂಢಿಯ ಅಳತೆಯನ್ನೇ ಹಿಡಿದು ಪಂಪುಗಳನ್ನು ಕಡಿಮೆ ಮಾಡಿದರೆ ಎಲೆಯ ಅಡಿಭಾಗ ಒದ್ದೆಯಾಗದೆ, ಕೀಟ ಸಾಯುವಷ್ಟು ಔಷಧಿ ಸಿಗದೆ, ಬದುಕುಳಿದ ಹುಳುಗಳ ಸಂತತಿ ಅದೇ ವಿಷವನ್ನು ಅರಗಿಸಿಕೊಳ್ಳುವ ಶಕ್ತಿಯನ್ನು ಬೆಳೆಸಿಕೊಳ್ಳುತ್ತದೆ. ಕೀಟಗಳ ನಿರೋಧಕ ಶಕ್ತಿ ಎಂದು ಕರೆಯಲಾಗುವುದು ಇದನ್ನೇ.

ನೀರಿನ ಪ್ರಮಾಣದಷ್ಟೇ ಅದರ ಗುಣವೂ ಇಲ್ಲಿ ಮುಖ್ಯವಾಗುತ್ತದೆ. ಆಳದ ಕೊಳವೆಬಾವಿಗಳ ನೀರು ಅನೇಕ ಕಡೆ ಗಡಸಾಗಿಯೂ ಕ್ಷಾರೀಯವಾಗಿಯೂ ಇರುತ್ತದೆ. ಮೆಲಾಥಿಯಾನ್‌ನಂಥ ರಂಜಕಯುಕ್ತ ಕೀಟನಾಶಕಗಳು ಕ್ಷಾರೀಯ ನೀರಿನಲ್ಲಿ ಬೇಗ ಒಡೆದು ನಿಷ್ಫಲವಾಗುತ್ತವೆ. ಕಳೆನಾಶಕವಾದ ಗ್ಲೈಫೋಸೇಟ್ ಗಡಸು ನೀರಿನಲ್ಲಿರುವ ಸುಣ್ಣದಂಶಕ್ಕೆ ಅಂಟಿಕೊಂಡು ಬಲ ಕಳೆದುಕೊಳ್ಳುತ್ತದೆ. ಗಿಡವೇ ಬಾಯಾರಿದ್ದಾಗ ಅದರ ರಸದೊಂದಿಗೆ ಹರಿದು ಕೆಲಸ ಮಾಡಬೇಕಾದ ಔಷಧಿಗಳು, ಅಂದರೆ ಅಂತರ್ವ್ಯಾಪಿ ಕೀಟನಾಶಕಗಳು, ಸರಿಯಾಗಿ ಹರಿಯುವುದಿಲ್ಲ. ಮೆಣಸಿನ ಎಲೆ ಮುಟುರಿಗೆ ಕಾರಣವಾಗುವ ಥ್ರಿಪ್ಸ್ ಮತ್ತು ಮೈಟ್ ನುಸಿಗಳಾದರೋ ಒಣಹವೆಯಲ್ಲಿಯೇ ಹೆಚ್ಚು ಸಂತಾನ ಬೆಳೆಸುತ್ತವೆ. ಔಷಧಿ ಅತ್ಯಂತ ಬೇಕೆನಿಸುವ ಹೊತ್ತಿನಲ್ಲಿಯೇ ಅದು ಅತ್ಯಂತ ಕಡಿಮೆ ಫಲ ಕೊಡುತ್ತದೆ. ಈ ವೈಫಲ್ಯದ ಅರ್ಥವೇನೆಂದು ರೈತನಿಗೆ ವಿವರಿಸುವವರು ಯಾರು ಎಂಬಲ್ಲಿಂದ ಮಾರುಕಟ್ಟೆಯ ಪ್ರಶ್ನೆ ಶುರುವಾಗುತ್ತದೆ.

ತರಕಾರಿಯನ್ನು ನೋಡಿ ಕೊಳ್ಳಬಹುದು, ಅಕ್ಕಿಯನ್ನು ಉಂಡ ಮೇಲೆ ಒಳ್ಳೆಯದೋ ಕೆಟ್ಟದೋ ಎನ್ನಬಹುದು. ಕೀಟನಾಶಕ ಬಳಸಿದ ಮೇಲೂ ಅದರ ಗುಣ ಕೊಂಡವನಿಗೆ ತಿಳಿಯದು. ಹುಳು ಸಾಯದಿದ್ದರೆ ಔಷಧಿ ನಕಲಿಯೋ, ನೀರು ಕೆಟ್ಟದ್ದೋ, ಹೊಡೆದ ಹೊತ್ತು ತಪ್ಪೋ, ಕೀಟವೇ ಬೇರೆಯೋ ಎಂದು ಬೇರ್ಪಡಿಸಿ ಹೇಳುವ ಸಾಧನ ಹೊಲದಲ್ಲಿಲ್ಲ. ಹುಳು ಕಡಿಮೆಯಾದರೂ ಅದು ಔಷಧಿಯಿಂದಲೋ, ಮರುದಿನ ಸುರಿದ ಮಳೆಯಿಂದಲೋ ಹೇಳಲಾಗದು. ಇಂಥ ಸರಕಿನ ವ್ಯಾಪಾರದಲ್ಲಿ ಸಲಹೆಯೇ ನಿಜವಾದ ಮಾಲು. ತಾಲ್ಲೂಕು ಕೇಂದ್ರದ ಗೊಬ್ಬರದಂಗಡಿಯ ಕಟ್ಟೆಯ ಮೇಲೆ ರೈತ ಮುದುಡಿದ ನಾಲ್ಕು ಎಲೆಗಳನ್ನೋ ಮೊಬೈಲಿನಲ್ಲಿ ತೆಗೆದ ಚಿತ್ರವನ್ನೋ ಇಡುತ್ತಾನೆ. ಅಂಗಡಿಯವನು ಒಂದು ಕ್ಷಣ ನೋಡಿ ಹುಳುವಿಗೊಂದು ಬಾಟಲಿ, ಬೂಷ್ಟು ರೋಗಕ್ಕೊಂದು ಪುಡಿ, ಗಿಡ ಚೇತರಿಸಿಕೊಳ್ಳಲು ‘ಬಯೋ’ ಹೆಸರಿನ ಮೂರನೆಯದೊಂದು ಡಬ್ಬಿ ತೆಗೆದಿಟ್ಟು ಉದ್ರಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ. ಲೆಕ್ಕ ಚುಕ್ತವಾಗುವುದು ಸುಗ್ಗಿಗೆ, ಎಷ್ಟೋ ಸಲ ಅದೇ ಬಳಗದ ಅಡತಿ ಅಂಗಡಿಯಲ್ಲಿ ಮಾಲು ಮಾರಿದ ಮೇಲೆ. ವೈದ್ಯ, ಔಷಧಿ ಮಾರುವವ, ಸಾಲ ಕೊಡುವವ ಮೂವರೂ ಒಬ್ಬನೇ ಆಗಿರುವ ಈ ವ್ಯವಸ್ಥೆಯಲ್ಲಿ, ‘ಈಗ ಏನನ್ನೂ ಹೊಡೆಯಬೇಡ, ಒಂದು ವಾರ ಕಾದು ನೋಡು’ ಎಂಬ, ಕೀಟಶಾಸ್ತ್ರದ ದೃಷ್ಟಿಯಿಂದ ಬಹಳ ಸಲ ಸರಿಯಾದ ಸಲಹೆಯನ್ನು ಕೊಡುವವನಿಗೆ ಚಿಕ್ಕಾಸಿನ ಲಾಭವೂ ಇಲ್ಲ. ಅಂಗಡಿಯವನನ್ನು ದುಷ್ಟನೆಂದು ಚಿತ್ರಿಸುವುದು ಇಲ್ಲಿ ಅನ್ಯಾಯವಾದೀತು. ಬ್ಯಾಂಕು ಕೊಡದ ಸಾಲವನ್ನು, ಇಲಾಖೆ ಕೊಡದ ಸಮಯವನ್ನು ಅವನು ಕೊಡುತ್ತಿದ್ದಾನೆ. ಉದ್ರಿ ಪಡೆದ ರೈತ ಮಾತ್ರ ಅಂಗಡಿ ಬದಲಾಯಿಸಲಾರ, ತೆಗೆದಿಟ್ಟ ಬಾಟಲಿಯನ್ನು ಬೇಡವೆನ್ನಲಾರ. ಕೊಳ್ಳುವವನ ಆಯ್ಕೆಯೇ ಇಲ್ಲದ ಕಡೆ ಸ್ಪರ್ಧೆಯಿಂದ ಗುಣಮಟ್ಟ ಸುಧಾರಿಸುತ್ತದೆಂಬ ಅರ್ಥಶಾಸ್ತ್ರದ ನಿರೀಕ್ಷೆ ಫಲಿಸುವುದಿಲ್ಲ.

ಕಾನೂನು ಈ ಕಟ್ಟೆಯ ತನಕ ತಲುಪಿಲ್ಲ. 1958ರಲ್ಲಿ ಕೇರಳದಲ್ಲಿ ಪ್ಯಾರಾಥಿಯಾನ್ ತಗುಲಿದ ಗೋಧಿಹಿಟ್ಟು ತಿಂದು ನೂರಕ್ಕೂ ಹೆಚ್ಚು ಜನ ಸತ್ತ ದುರಂತದ ಬೆನ್ನಿಗೇ ಆರಂಭವಾದ ವಿಚಾರಣೆಗಳ ಫಲವಾಗಿ 1968ರ ಕೀಟನಾಶಕ ಕಾಯ್ದೆ ಬಂದಿತು, 1971ರಲ್ಲಿ ಅದರ ನಿಯಮಗಳು ಜಾರಿಯಾದವು. ಕೇಂದ್ರದ ನೋಂದಣಿ ಸಮಿತಿ ಪ್ರತಿ ಔಷಧಿಯ ಪರಿಣಾಮವನ್ನೂ ಸುರಕ್ಷತೆಯನ್ನೂ ಪರಿಶೀಲಿಸಿ ಅನುಮತಿ ಕೊಡಬೇಕು. ಡಬ್ಬಿಯ ಮೇಲಿನ ಚೌಕದಲ್ಲಿ ವಿಷದ ತೀವ್ರತೆಗೆ ತಕ್ಕಂತೆ ಕೆಂಪು, ಹಳದಿ, ನೀಲಿ, ಹಸಿರು ಬಣ್ಣದ ತ್ರಿಕೋನ ಇರಬೇಕು. ಒಮ್ಮೆ ನೋಂದಣಿಯಾದ ಔಷಧಿಯನ್ನು ಅದೇ ಶರತ್ತುಗಳ ಮೇಲೆ ತಯಾರಿಸಲು ಕಾಯ್ದೆಯ 9(4)ನೆಯ ಕಲಮು ಉಳಿದ ಕಂಪನಿಗಳಿಗೂ ಅವಕಾಶ ಕೊಡುತ್ತದೆ. ಇದರಿಂದ ಬೆಲೆ ಇಳಿಯಿತು, ದೇಶ ಜಗತ್ತಿನ ದೊಡ್ಡ ಉತ್ಪಾದಕ, ರಫ್ತುದಾರ ರಾಷ್ಟ್ರಗಳ ಸಾಲಿಗೆ ಸೇರಿತು. ಜೊತೆಗೆ ಒಂದೇ ರಾಸಾಯನಿಕ ಹತ್ತಾರು ವ್ಯಾಪಾರಿ ಹೆಸರುಗಳಲ್ಲಿ ಅಂಗಡಿಗೆ ಬಂದಿತು. ಹಿಂದಿನ ವಾರ ಕೆಲಸ ಮಾಡದ ಔಷಧಿಯನ್ನು ಬಿಟ್ಟು ಈ ವಾರ ಬೇರೆ ಬಾಟಲಿ ಒಯ್ಯುವ ರೈತ, ಒಳಗಿರುವುದು ಅದೇ ವಸ್ತುವೆಂಬುದನ್ನು ಅರಿಯದೆ ಎರಡನೆಯ ಸಲ ದುಡ್ಡು ಕೊಡುತ್ತಾನೆ. ನಿರೀಕ್ಷಕರು ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳಿಸುವುದುಂಟು, ಆದರೆ ವರದಿ ಬರುವಷ್ಟರಲ್ಲಿ ಆ ಮಾಲು ಹೊಲ ಸೇರಿರುತ್ತದೆ. ಮಾರಾಟಗಾರರಿಗೆ ಕೃಷಿ ಅಥವಾ ರಸಾಯನಶಾಸ್ತ್ರದಂಥ ವಿಷಯದ ಪದವಿ ಇರಬೇಕೆಂಬ ನಿಯಮವನ್ನು ಕಳೆದ ದಶಕದಲ್ಲಿ ತಂದರೂ, ಹಳಬರಿಗೆ ಗಡುವು ವಿಸ್ತರಿಸಿ, ಕೆಲವು ವಾರಗಳ ತರಬೇತಿಯೇ ಸಾಕೆಂಬಲ್ಲಿಗೆ ಅದು ಸಡಿಲವಾಯಿತು. ಪದವೀಧರನೇ ಕುಳಿತರೂ ಮಾರಾಟದಿಂದಲೇ ಅವನ ಆದಾಯ ಬರುವವರೆಗೆ ಹಿತಾಸಕ್ತಿಯ ಗಂಟು ಬಿಚ್ಚುವುದಿಲ್ಲ.

ಈ ಗಂಟಿನ ಬೆಲೆ ಏನೆಂಬುದನ್ನು ಹತ್ತಿಯ ಇತಿಹಾಸ ತೋರಿಸುತ್ತದೆ. 2002ರಲ್ಲಿ ಅನುಮತಿ ಪಡೆದ ಬಿಟಿ ಹತ್ತಿ ಮೊದಲ ವರ್ಷಗಳಲ್ಲಿ ಕಾಯಿಕೊರಕಗಳ ಕಾಟವನ್ನೂ ಸಿಂಪಡಣೆಯನ್ನೂ ನಿಜವಾಗಿ ತಗ್ಗಿಸಿತು. ಅದನ್ನು ಅಲ್ಲಗಳೆಯುವುದು ಸರಿಯಲ್ಲ. ಆದರೆ ಗುಜರಾತಿನಲ್ಲಿ ಗುಲಾಬಿ ಕಾಯಿಕೊರಕ ಅದಕ್ಕೆ ನಿರೋಧಕ ಶಕ್ತಿ ಪಡೆದದ್ದು 2010ರಲ್ಲಿ ಬಹಿರಂಗವಾಯಿತು, ಕೆಲವೇ ವರ್ಷಗಳಲ್ಲಿ ಮಹಾರಾಷ್ಟ್ರ, ಕರ್ನಾಟಕ, ತೆಲಂಗಾಣಗಳ ಹತ್ತಿ ಸೀಮೆಯನ್ನೂ ಆ ಹುಳು ಆವರಿಸಿತು, ಸಿಂಪಡಣೆಯೂ ಮರಳಿತು. 2017ರ ಮಳೆಗಾಲದ ಕೊನೆಯಲ್ಲಿ ವಿದರ್ಭದ ಯವತ್ಮಾಳ ಜಿಲ್ಲೆಯಲ್ಲಿ, ಆಳೆತ್ತರ ಬೆಳೆದ ಹತ್ತಿಯೊಳಗೆ, ಹಲವು ಔಷಧಿಗಳನ್ನು ಒಟ್ಟಿಗೆ ಕಲಸಿ ಹೊಡೆಯುತ್ತಿದ್ದ ರೈತರು ಮತ್ತು ಕೂಲಿಕಾರರಲ್ಲಿ 20ಕ್ಕೂ ಹೆಚ್ಚು ಮಂದಿ ವಿಷದ ಮಂಜನ್ನು ಉಸಿರಾಡಿ ಸತ್ತರು, ನೂರಾರು ಜನ ಆಸ್ಪತ್ರೆ ಸೇರಿದರು. ಸತ್ತವರಲ್ಲಿ ಹೊಲದ ಒಡೆಯರಲ್ಲದ, ದಿನಗೂಲಿಗೆ ಪಂಪು ಹೊತ್ತವರೂ ಇದ್ದರೆಂಬುದನ್ನು ಮರೆಯಬಾರದು. ಔಷಧಿಯನ್ನು ಆರಿಸುವವನೊಬ್ಬ, ಕೊಳ್ಳುವವನೊಬ್ಬ, ಉಸಿರಾಡುವವನು ಮತ್ತೊಬ್ಬ. ಕೈಗವಸು, ಮುಖಗವಸು ಹಾಕಿಕೊಳ್ಳಬೇಕು, ಕೆಲಸ ಮುಗಿದೊಡನೆ ಸೋಪು ಹಚ್ಚಿ ಸ್ನಾನ ಮಾಡಬೇಕು ಎನ್ನುತ್ತದೆ ಡಬ್ಬಿಯ ಚೀಟಿ. ಹೊಲದಲ್ಲಿರುವುದು ಕುಡಿಯಲು ಮನೆಯಿಂದ ತಂದ ಒಂದು ಕ್ಯಾನು ನೀರು ಮಾತ್ರವಾದಾಗ ಆ ಸೂಚನೆ ತಯಾರಕನನ್ನು ಕಾಪಾಡುತ್ತದೆಯೇ ವಿನಾ ಕೂಲಿಯವನನ್ನಲ್ಲ.

ಹೀಗಿರುವಾಗ ನಿಷೇಧವೇ ಪರಿಹಾರವಲ್ಲವೇ ಎಂಬ ಪ್ರಶ್ನೆ ಸಹಜ. ಅತಿ ವಿಷಕಾರಿಗಳ ವಿಷಯದಲ್ಲಿ ಉತ್ತರ ಹೌದು. 1990ರ ದಶಕದಿಂದ ಹಂತಹಂತವಾಗಿ ಅಂಥವನ್ನು ಹೊರಗಿಟ್ಟ ಶ್ರೀಲಂಕಾದಲ್ಲಿ ಆತ್ಮಹತ್ಯೆಯ ಪ್ರಮಾಣ ಎರಡು ದಶಕಗಳಲ್ಲಿ ಮೂರರಲ್ಲಿ ಎರಡು ಭಾಗದಷ್ಟು ಇಳಿಯಿತು, ಫಸಲೇನೂ ಕುಸಿಯಲಿಲ್ಲ. ಅದೇ ದೇಶ 2021ರಲ್ಲಿ ಪರ್ಯಾಯದ ಸಿದ್ಧತೆಯೇ ಇಲ್ಲದೆ ರಾಸಾಯನಿಕ ಗೊಬ್ಬರ, ಔಷಧಿಗಳ ಆಮದನ್ನೆಲ್ಲ ಒಮ್ಮೆಲೇ ನಿಲ್ಲಿಸಿ, ಕೆಲವೇ ತಿಂಗಳಲ್ಲಿ ಹಿಂದೆ ಸರಿಯಬೇಕಾಯಿತು. ಭಾರತದ ನಡೆ ಇದಕ್ಕೆ ತದ್ವಿರುದ್ಧವಾದ ಮಂದಗತಿಯದು. ಬೇರೆ ದೇಶಗಳಲ್ಲಿ ನಿಷೇಧಿತವಾಗಿದ್ದೋ ನಿರ್ಬಂಧಿತವಾಗಿದ್ದೋ ಇಲ್ಲಿ ಬಳಕೆಯಲ್ಲಿದ್ದ 66 ಕೀಟನಾಶಕಗಳ ಮರುಪರಿಶೀಲನೆಗೆ ಅನುಪಮ್ ವರ್ಮಾ ಸಮಿತಿ ನೇಮಕವಾದದ್ದು 2013ರಲ್ಲಿ; 2020ರಲ್ಲಿ 27 ಔಷಧಿಗಳ ನಿಷೇಧಕ್ಕೆ ಕರಡು ಹೊರಟಿತು; 2023ರ ಆದೇಶದಲ್ಲಿ ಪೂರ್ತಿಯಾಗಿ ಹೊರಬಿದ್ದವು ಡೈಕೋಫಾಲ್, ಡೈನೋಕ್ಯಾಪ್, ಮೆಥೊಮಿಲ್ ಎಂಬ ಮೂರು ಮಾತ್ರ. ಬಿಹಾರದ ಸಾರಣ ಜಿಲ್ಲೆಯಲ್ಲಿ 2013ರಲ್ಲಿ ಬಿಸಿಯೂಟ ಉಂಡ 23 ಮಕ್ಕಳ ಸಾವಿಗೆ ಕಾರಣವಾದ ಮೊನೊಕ್ರೊಟೊಫಾಸ್‌ನ ಬಳಕೆಯ ಮುಖ್ಯ ದ್ರವರೂಪವನ್ನು ತೆಗೆಯಲೂ ಹತ್ತು ವರ್ಷ ಹಿಡಿಯಿತು.

ಕಾಯುವಿಕೆ ನೀರಿನ ಮೂಲಕ ಏನು ಮಾಡಬಲ್ಲದೆಂಬುದನ್ನು ಕನ್ನಡಿಗರಿಗೆ ಕಾಸರಗೋಡಿನಷ್ಟು ಹತ್ತಿರದಿಂದ ತೋರಿಸಿದ ಊರಿಲ್ಲ. ಗುಡ್ಡದ ತಲೆಯ ಮೇಲಿನ ಗೇರು ತೋಟಗಳಿಗೆ 1970ರ ದಶಕದ ಕೊನೆಯಿಂದ ಎರಡು ದಶಕಗಳ ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಯಿತು; ಗುಡ್ಡದ ಬುಡದ ಎಣ್ಮಕಜೆಯಂಥ ಗ್ರಾಮಗಳ ಜನ ಕುಡಿಯುತ್ತಿದ್ದದ್ದು ಆ ಗುಡ್ಡದ ಮುರಕಲ್ಲಿನೊಳಗಿಂದ ಜಿನುಗುವ ಸುರಂಗದ, ತೋಡಿನ ನೀರನ್ನು. ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡದ ಆಸುಪಾಸಿನಲ್ಲೂ ಗೇರು ತೋಟಗಳಿಂದ ಕಾಯಿಲೆಗಳ ಇದೇ ಸಂಕಟ ಬಂದಿತು. ಸುಪ್ರೀಂ ಕೋರ್ಟು ಎಂಡೋಸಲ್ಫಾನ್‌ನ ಉತ್ಪಾದನೆ, ಮಾರಾಟಗಳನ್ನು ತಡೆದದ್ದು 2011ರ ಮೇ ತಿಂಗಳಲ್ಲಿ. ಬಯಲುಸೀಮೆಯಲ್ಲಿ ಸುರಂಗಗಳಿಲ್ಲ, ಕೃಷಿಹೊಂಡಗಳಿವೆ. 2014–15ರಿಂದ ಕೃಷಿ ಭಾಗ್ಯ ಯೋಜನೆಯಡಿ ತೋಡಿದ ಈ ಹೊಂಡಗಳು ಮಳೆಯಾಶ್ರಿತ ರೈತನಿಗೆ ದೊಡ್ಡ ಆಸರೆ ಎಂಬುದರಲ್ಲಿ ಅನುಮಾನವಿಲ್ಲ. ಔಷಧಿ ಕಲಸುವುದೂ ಪಂಪು ತೊಳೆಯುವುದೂ ಅದರ ದಂಡೆಯಲ್ಲೇ ಆದಾಗ, ಹೊರಗೆ ಹರಿದು ತೆಳುವಾಗಲು ದಾರಿಯೇ ಇಲ್ಲದ ಆ ನೀರಿನಲ್ಲಿ ವಿಷ ಉಳಿಯುತ್ತದೆ. ದನಕರುಗಳು ಕುಡಿಯುವುದೂ ಅದನ್ನೇ.

ಮಾರುಕಟ್ಟೆಯನ್ನು ಶಿಸ್ತಿಗೆ ತರುವುದು ಅಸಾಧ್ಯವೆನ್ನುವವರಿಗೆ ದ್ರಾಕ್ಷಿ ಉತ್ತರ ಕೊಡುತ್ತದೆ. 2010ರಲ್ಲಿ ಬೆಳವಣಿಗೆ ನಿಯಂತ್ರಕವೊಂದರ ಉಳಿಕೆಯ ಅಂಶ ಮಿತಿ ಮೀರಿದ್ದರಿಂದ ಯುರೋಪು ಭಾರತದ ದ್ರಾಕ್ಷಿಯನ್ನು ತಿರಸ್ಕರಿಸಿದಾಗ ಬೆಳೆಗಾರರು ದೊಡ್ಡ ಪೆಟ್ಟು ತಿಂದರು. ಅಲ್ಲಿಂದೀಚೆಗೆ ರಫ್ತಿನ ತೋಟಗಳಲ್ಲಿ ಯಾವ ಔಷಧಿ, ಕೊಯ್ಲಿಗೆ ಎಷ್ಟು ದಿನ ಮೊದಲು ಎಂಬ ಪಟ್ಟಿ, ತೋಟವಾರು ನೋಂದಣಿ, ಪ್ರಯೋಗಾಲಯದ ಪರೀಕ್ಷೆಗಳು ಮೊದಲಿಗಿಂತ ಬಿಗಿಯಾದವು. ಕೊಳ್ಳುವವನು ಪರೀಕ್ಷಿಸುತ್ತಾನೆಂದು ತಿಳಿದ ಮೇಲೆ ಅಂಗಡಿಯ ಸಲಹೆಯೂ ಬದಲಾಗುತ್ತದೆ. ಲಂಡನ್ನಿನ ಗ್ರಾಹಕನಿಗೆ ಸಿಗುವ ಈ ರಕ್ಷಣೆ ಹುಬ್ಬಳ್ಳಿಯ ಸಂತೆಯಲ್ಲಿ ಬದನೆಕಾಯಿ ಕೊಳ್ಳುವವಳಿಗೆ ಸಿಗದಿರುವುದಕ್ಕೆ ತಾಂತ್ರಿಕ ಕಾರಣ ಯಾವುದೂ ಇಲ್ಲ. ಇಂಡೋನೇಷ್ಯಾ ಇನ್ನೊಂದು ದಾರಿ ತೋರಿಸಿದೆ. ಕಂದು ಜಿಗಿಹುಳು ಭತ್ತವನ್ನು ನುಂಗುತ್ತಿದ್ದಾಗ, ಅದರ ಸ್ವಾಭಾವಿಕ ಶತ್ರುಗಳಾದ ಜೇಡಗಳನ್ನು ಔಷಧಿಯೇ ಕೊಲ್ಲುತ್ತಿದೆಯೆಂಬ ವಿಜ್ಞಾನಿಗಳ ಮಾತನ್ನು ನಂಬಿದ ಅಲ್ಲಿನ ಸರ್ಕಾರ 1986ರಲ್ಲಿ ಭತ್ತಕ್ಕೆ 57 ಔಷಧಿಗಳನ್ನು ನಿಷೇಧಿಸಿತು, 1989ರ ಹೊತ್ತಿಗೆ ಸಹಾಯಧನವನ್ನು ಪೂರ್ತಿ ತೆಗೆದುಹಾಕಿತು, ರೈತರು ಹೊಲದಲ್ಲೇ ಕುಳಿತು ಹುಳುಗಳನ್ನು ಎಣಿಸಿ ನಿರ್ಧರಿಸುವ ಕ್ಷೇತ್ರ ಪಾಠಶಾಲೆಗಳನ್ನು ತೆರೆಯಿತು. ಬಳಕೆ ಗಣನೀಯವಾಗಿ ತಗ್ಗಿತು, ಭತ್ತದ ಇಳುವರಿ ತಗ್ಗಲಿಲ್ಲ.

ಕರ್ನಾಟಕದಲ್ಲಿ ಇದಕ್ಕೆ ಬೇಕಾದ ಮೆಟ್ಟಿಲು ಹೋಬಳಿಗೊಂದರಂತಿರುವ ರೈತ ಸಂಪರ್ಕ ಕೇಂದ್ರಗಳ ರೂಪದಲ್ಲಿ ಈಗಾಗಲೇ ಇದೆ. ಅವು ರಿಯಾಯಿತಿ ದರದಲ್ಲಿ ಬೀಜ, ಔಷಧಿ ಹಂಚುವ ಮಳಿಗೆಗಳಾಗಿ ಉಳಿಯದೆ, ಹುಳು ಗುರುತಿಸಿ, ಆರ್ಥಿಕ ನಷ್ಟದ ಮಟ್ಟ ಮೀರಿದೆಯೇ ಎಂದು ನೋಡಿ, ಬೇಕಾದ ಔಷಧಿಯ ರಾಸಾಯನಿಕ ಹೆಸರನ್ನೂ ಪ್ರಮಾಣವನ್ನೂ ಚೀಟಿಯಲ್ಲಿ ಬರೆದುಕೊಡುವ, ಕೆಂಪು ಮತ್ತು ಹಳದಿ ತ್ರಿಕೋನದ ಔಷಧಿಗಳನ್ನು ಆ ಚೀಟಿಯಿಲ್ಲದೆ ಮಾರಕೂಡದೆಂಬ ವ್ಯವಸ್ಥೆಯ ಕೇಂದ್ರಗಳಾಗಬೇಕು. ಸಿಬ್ಬಂದಿ ಸಾಲದೆಂಬ ಆಕ್ಷೇಪ ನಿಜ. ಖಾಲಿ ಹುದ್ದೆ ತುಂಬುವ ವೆಚ್ಚವನ್ನು ಯವತ್ಮಾಳದ ಆಸ್ಪತ್ರೆ ವಾರ್ಡುಗಳ ವೆಚ್ಚದ ಜೊತೆಗಿಟ್ಟು ಲೆಕ್ಕ ಹಾಕಬೇಕು. ಚೀಟಿಯೊಂದೇ ಸಾಲದು, ಬೆಳೆಸಾಲದಲ್ಲಿ ಸಿಂಪಡಣೆಯ ಖರ್ಚು ಹೊತ್ತಿಗೆ ಸರಿಯಾಗಿ ಕೈಸೇರಿ ಉದ್ರಿಯ ಹಿಡಿತ ಸಡಿಲವಾಗದಿದ್ದರೆ ಆ ಚೀಟಿಯನ್ನು ಅಂಗಡಿಯವನೇ ಪಕ್ಕಕ್ಕಿಡುತ್ತಾನೆ. ಇನ್ನು ಹೊಸ ಕಾನೂನಿನ ಮಾತಾದರೆ, 2008ರಲ್ಲಿ, ಮತ್ತೆ 2020ರಲ್ಲಿ ಸಂಸತ್ತಿನ ಮುಂದೆ ಬಂದ ಕೀಟನಾಶಕ ನಿರ್ವಹಣಾ ಮಸೂದೆಗಳು ಕಾಯ್ದೆಯಾಗಲಿಲ್ಲ.

ಕಾಯ್ದೆಗೆ ಕಾಯದೆ ಆಗಬಹುದಾದ ಕೆಲಸವೂ ಇದೆ. ಎಕರೆಗೆ ಎಷ್ಟು ಔಷಧಿ, ಎಷ್ಟು ನೀರು ಎಂದು ಡಬ್ಬಿಯ ಚೀಟಿಯಲ್ಲಿ ಅಚ್ಚಾಗುವ ಅಂಕಿಗಳು ಕ್ಷೇತ್ರ ಪ್ರಯೋಗಗಳಿಂದ ಬರುತ್ತವೆ. ಆ ಪ್ರಯೋಗಗಳಲ್ಲಿ ಒಂದು ಪಾಲನ್ನು ವಿಜಯಪುರ, ಅನಂತಪುರ, ಬಾರ್ಮೇರ್‌ನಂಥ ಒಣಸೀಮೆಗಳಲ್ಲಿ, ಅಲ್ಲಿನ ಕೊಳವೆಬಾವಿಯ ಕ್ಷಾರೀಯ ನೀರಿನಲ್ಲೇ, ರೈತ ನಿಜವಾಗಿ ಹೊಡೆಯುವ ಐದಾರು ಪಂಪಿನ ಅಳತೆಯಲ್ಲೇ ನಡೆಸಿ, ಅಷ್ಟು ನೀರಿನಲ್ಲಿ ಸುರಕ್ಷಿತವಾಗಿ ಕೆಲಸ ಮಾಡದ ಔಷಧಿಗೆ ಆ ಸೀಮೆಯ ಮಟ್ಟಿಗೆ ಅನುಮತಿ ನಿರಾಕರಿಸಬೇಕು. ಪರಿಣಾಮ ಮತ್ತು ಸುರಕ್ಷತೆಗಳ ಬಗ್ಗೆ ಮನವರಿಕೆಯಾಗುವ ತನಕ ವಿಚಾರಣೆ ನಡೆಸುವ ಅಧಿಕಾರವನ್ನು ನೋಂದಣಿ ಸಮಿತಿಗೆ 1968ರ ಕಾಯ್ದೆಯೇ ಕೊಟ್ಟಿದೆ.