ಎಡವೋ ಬಲವೋ?



ಕಳೆದ ಮಾರ್ಗಶಿರದಲ್ಲಿ ನಾವು ಪುತ್ತೂರಿಗೆ ಹೋಗಿದ್ದೆವು. ನಮ್ಮ ಪ್ರಸಾದ ನಿಲಯದಲ್ಲಿದ್ದು ಓದಿದ ಗೃಹಸ್ಥರೊಬ್ಬರು ಅಲ್ಲಿ ಅಡಿಕೆ ತೋಟ ಮಾಡಿಕೊಂಡಿದ್ದಾರೆ. ಅವರ ಮನೆಯಲ್ಲಿ ಪೂಜೆ, ಪ್ರಸಾದ. ಮಧ್ಯಾಹ್ನ ಚಾವಡಿಯಲ್ಲಿ ಕುಳಿತಿದ್ದಾಗ ಅವರು ಸಂಕೋಚದಿಂದಲೇ ಕೇಳಿದರು: “ಬುದ್ಧಿ, ನಾನಂತೂ ಬಲಪಂಥದವನು. ಪಕ್ಕದ ಮನೆಯ ಮೇಷ್ಟ್ರು ಎಡಪಂಥದವರು. ತಾವು ಯಾವ ಕಡೆ?” ಮೇಷ್ಟ್ರೂ ಅಲ್ಲಿಯೇ ಕುಳಿತಿದ್ದರು. ನಾವು ಕೂಡಲೇ ಉತ್ತರ ಕೊಡಲಿಲ್ಲ. ಈ ಲೇಖನವೇ ಆ ಉತ್ತರವೆಂದು ಅವರಿಬ್ಬರೂ ತಿಳಿಯಬೇಕು. ಅವರಿಗೆ ಸ್ವಲ್ಪ ನೋವಾದೀತು; ಆದರೂ ಬರೆಯದೆ ವಿಧಿಯಿಲ್ಲ.

ಈ ಎಡ-ಬಲಗಳು ನಮ್ಮ ನೆಲದಲ್ಲಿ ಹುಟ್ಟಿದ ಮಾತುಗಳಲ್ಲ. 1789ರಲ್ಲಿ ಫ್ರಾನ್ಸ್ ದೇಶದ ರಾಷ್ಟ್ರೀಯ ಸಭೆಯಲ್ಲಿ ಅರಸನ ಅಧಿಕಾರವನ್ನು ಉಳಿಸಬೇಕೆಂದವರು ಅಧ್ಯಕ್ಷನ ಬಲಗಡೆಯಲ್ಲಿಯೂ ಅದನ್ನು ಮೊಟಕುಗೊಳಿಸಬೇಕೆಂದವರು ಎಡಗಡೆಯಲ್ಲಿಯೂ ಕುಳಿತರು. ಕುರ್ಚಿಯ ಸ್ಥಾನವೇ ಸಿದ್ಧಾಂತದ ಹೆಸರಾಯಿತು. ನಮ್ಮಲ್ಲಿಯೂ ಎಡಗೈ-ಬಲಗೈ ಎಂಬ ಪಣಗಳು ಶತಮಾನಗಳ ಕಾಲ ಜಾತಿಜಾತಿಗಳನ್ನು ಒಡೆದಿಟ್ಟಿದ್ದವು. ಆದರೆ ಅದು ಬೇರೆ ಕಥೆ. ಇಷ್ಟಲಿಂಗವನ್ನು ಎಡ ಅಂಗೈಯಲ್ಲಿರಿಸಿ ಬಲಗೈಯಿಂದ ಅರ್ಚಿಸುವ ನಮಗೆ ಯಾವ ಕೈಯನ್ನು ಬಿಡಿರೆಂದು ಹೇಳುವುದು? ಇದನ್ನು ವಿನೋದಕ್ಕಾಗಿ ಹೇಳಿದೆವೆಂದು ತಿಳಿದರೂ ಬಾಧಕವಿಲ್ಲ.

ವಿನೋದವಲ್ಲದ ಒಂದು ನಿದರ್ಶನವನ್ನು ಪುತ್ತೂರು-ಸುಳ್ಯದ ನೆಲದಿಂದಲೇ ಕೊಡುತ್ತೇವೆ. ಈ ಸೀಮೆಯು ಕೊಡಗಿನ ಹಾಲೇರಿ ಅರಸರ ಆಳ್ವಿಕೆಯಲ್ಲಿತ್ತು. ಆ ಅರಸರು ವೀರಶೈವರೆಂಬುದು ನಿಮಗೆ ತಿಳಿದೇ ಇದೆ. 1834ರಲ್ಲಿ ಕಂಪನಿ ಸರಕಾರವು ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ, ಅಮರಸುಳ್ಯ ಮತ್ತು ಪುತ್ತೂರಿನ ಮಾಗಣೆಗಳನ್ನು ಕೊಡಗಿನಿಂದ ಬೇರ್ಪಡಿಸಿ ದಕ್ಷಿಣ ಕನ್ನಡಕ್ಕೆ ಸೇರಿಸಿತು. ಅರಸರ ಕಾಲದಲ್ಲಿ ಬೆಳೆಯ ರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಾಗಿಯೇ ಕೊಡಬೇಕೆಂದಿತು. ನಗದಿಗಾಗಿ ರೈತನು ಬೆಳೆಯನ್ನು ವ್ಯಾಪಾರಿಗೆ ಸಿಕ್ಕಿದ ಬೆಲೆಗೆ ಮಾರಬೇಕಾಯಿತು. 1837ರಲ್ಲಿ ಕೆದಂಬಾಡಿ ರಾಮಯ್ಯ ಗೌಡರೇ ಮೊದಲಾದವರು ದಂಡು ಕಟ್ಟಿದರು. ಹಾಲೇರಿ ವಂಶದ ವಾರಸುದಾರನೆಂದು ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಒಬ್ಬನನ್ನು ಮುಂದಿಟ್ಟುಕೊಂಡು ಮಂಗಳೂರಿನವರೆಗೆ ನಡೆದರು. ಏಪ್ರಿಲ್ ತಿಂಗಳಲ್ಲಿ ಕೆಲವು ದಿನ ಆ ಪಟ್ಟಣವನ್ನೇ ವಶದಲ್ಲಿಟ್ಟುಕೊಂಡರು. ಕೊನೆಗೆ ಸೆರೆ, ಗಡೀಪಾರು, ನೇಣು.

ಈಗ ಹೇಳಿರಿ, ಆ ರೈತರು ಎಡವೋ ಬಲವೋ? ಅನ್ಯಾಯದ ಕರಭಾರದ ವಿರುದ್ಧ ಬಡ ಒಕ್ಕಲಿಗನು ಎದ್ದು ನಿಂತನೆಂಬುದರಿಂದ ಅವರು ಎಡವೆನ್ನಬೇಕು. ಹೋದ ಅರಸು ಮನೆತನವನ್ನು ಮರಳಿ ತರಬೇಕೆಂದರು ಎಂಬುದರಿಂದ ಬಲವೆನ್ನಬೇಕು. ಫ್ರಾನ್ಸಿನ ಆ ಸಭಾಭವನದಲ್ಲಿ ಅವರಿಗೆ ಕುಳಿತುಕೊಳ್ಳಲು ಕುರ್ಚಿಯೇ ಇಲ್ಲ. 2022ರಲ್ಲಿ ಮಂಗಳೂರಿನ ಬಾವುಟಗುಡ್ಡೆಯಲ್ಲಿ ರಾಮಯ್ಯ ಗೌಡರ ಪ್ರತಿಮೆ ಅನಾವರಣಗೊಂಡಿತು. ಇಂದು ಎರಡು ಕಡೆಯವರೂ ಅವರಿಗೆ ಹಾರ ಹಾಕಬಲ್ಲರು. ಕಂದಾಯದ ಮಾತನ್ನು ಎತ್ತುವವರು ಎಷ್ಟು ಮಂದಿ?

ಇನ್ನು ನಮ್ಮ ಗೃಹಸ್ಥರ ವಿಷಯ. ಅವರ ತಂದೆ ಗೇಣಿ ಒಕ್ಕಲಾಗಿದ್ದವರು. 1974ರಲ್ಲಿ ದೇವರಾಜ ಅರಸರ ಸರಕಾರದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದಾಗ ಡಿಕ್ಲರೇಶನ್ ಸಲ್ಲಿಸಿ, ನ್ಯಾಯಮಂಡಳಿಯ ಮುಂದೆ ನಿಂತು ಭೂಮಿಯನ್ನು ಪಡೆದರು. ಆ ತೋಟದ ಆದಾಯದಿಂದ ಬೆಳೆದ ಮಗ ಇಂದು “ಸರಕಾರ ಯಾರಿಗೂ ಏನನ್ನೂ ಪುಕ್ಕಟೆ ಕೊಡಬಾರದು” ಎನ್ನುತ್ತಾರೆ. ಮೇಷ್ಟ್ರ ಮನೆಯವರು ಅದೇ ಕಾನೂನಿನಿಂದ ಭೂಮಿ ಕಳೆದುಕೊಂಡವರು. ಅವರು ಭೂಸುಧಾರಣೆಯನ್ನು ಕೊಂಡಾಡುತ್ತಾರೆ, ಆದರೆ ತಮ್ಮ ಮನೆಯ ಹಳೆಯ ಕಾಗದಪತ್ರಗಳನ್ನು ಇನ್ನೂ ಜೋಪಾನವಾಗಿ ಇಟ್ಟುಕೊಂಡಿದ್ದಾರೆ. ಒಬ್ಬರಿಗೆ ಉಪಕಾರ ಮರೆತಿದೆ, ಇನ್ನೊಬ್ಬರಿಗೆ ಅಪಕಾರ ಮರೆತಿಲ್ಲ. ಇಬ್ಬರೂ ತಮ್ಮದು ಶುದ್ಧ ವಿಚಾರದಿಂದ ಹುಟ್ಟಿದ ನಿಲುವೆಂದು ಭಾವಿಸಿದ್ದಾರೆ.

ಅದೇ ಗೃಹಸ್ಥರು ಅಡಿಕೆಯನ್ನು ಕ್ಯಾಂಪ್ಕೊ ಸಂಸ್ಥೆಗೆ ಹಾಕುತ್ತಾರೆ. ದಲ್ಲಾಳಿಗಳ ಹಿಡಿತದಿಂದ ಬೆಳೆಗಾರನನ್ನು ಬಿಡಿಸಲೆಂದು 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರು ಮುಂದೆ ನಿಂತು ಕಟ್ಟಿದ ಸಹಕಾರಿ ಸಂಸ್ಥೆಯದು. ಅದರ ಚಾಕೊಲೇಟ್ ಕಾರ್ಖಾನೆ 1986ರಿಂದ ಪುತ್ತೂರಿನಲ್ಲಿಯೇ ನಡೆಯುತ್ತಿದೆ. ಅದಕ್ಕೂ ಬಹಳ ಹಿಂದೆ ಮೊಳಹಳ್ಳಿ ಶಿವರಾಯರು ಇದೇ ಊರಿನಲ್ಲಿ ನೆಲೆನಿಂತು ಸಹಕಾರ ಚಳವಳಿಯನ್ನು ಬೆಳೆಸಿದ್ದರು. 2023ರಲ್ಲಿ ಕೇಂದ್ರ ಸರಕಾರವು ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251 ರೂಪಾಯಿಯಿಂದ 351 ರೂಪಾಯಿಗೆ ಏರಿಸಿದಾಗ ಬೆಳೆಗಾರರೆಲ್ಲರೂ ಸಂತೋಷಪಟ್ಟರು, ಸಂತೋಷಪಡಬೇಕಾದದ್ದೇ. ಆದರೆ ಮಾರುಕಟ್ಟೆಯಲ್ಲಿ ಸರಕಾರ ಕೈಹಾಕಕೂಡದೆಂದು ಭಾಷಣ ಮಾಡಿ ಮನೆಗೆ ಬಂದು ಅಡಿಕೆಗೆ ರಕ್ಷಣೆ ಬೇಕೆಂದು ಮನವಿಪತ್ರ ಬರೆಯುವುದು ಯಾವ ಪಂಥ? ತೋಟದ ಬೇಲಿಯವರೆಗೆ ಒಂದು ಪಂಥ, ಬೇಲಿ ದಾಟಿದರೆ ಇನ್ನೊಂದು.

ಪುತ್ತೂರಿನ ಮತದಾರರ ಇತಿಹಾಸವನ್ನು ನೋಡಿರಿ. 1983ರಲ್ಲಿ ಭಾರತೀಯ ಜನತಾ ಪಕ್ಷದ ಕೆ. ರಾಮಭಟ್ಟರು, 1985ರಲ್ಲಿ ಕಾಂಗ್ರೆಸ್ಸಿನ ವಿನಯಕುಮಾರ ಸೊರಕೆಯವರು. ಶಕುಂತಳಾ ಶೆಟ್ಟಿಯವರು 2004ರಲ್ಲಿ ಭಾಜಪದಿಂದ ಗೆದ್ದರು. 2013ರಲ್ಲಿ ಅದೇ ಕ್ಷೇತ್ರದಿಂದ ಕಾಂಗ್ರೆಸ್ಸಿನಿಂದ ಗೆದ್ದರು. 2023ರಲ್ಲಿ ಹಿಂದೆ ಭಾಜಪದಲ್ಲಿದ್ದ ಅಶೋಕಕುಮಾರ ರೈಯವರು ಕಾಂಗ್ರೆಸ್ಸಿನಿಂದ ಗೆದ್ದರು; ಭಾಜಪದ ಟಿಕೆಟು ಸಿಗದೆ ಪಕ್ಷೇತರರಾಗಿ ನಿಂತ ಅರುಣಕುಮಾರ ಪುತ್ತಿಲರು ಸುಮಾರು 4 ಸಾವಿರ ಮತಗಳ ಅಂತರದಲ್ಲಿ ಎರಡನೆಯವರಾದರು; ಅಧಿಕೃತ ಅಭ್ಯರ್ಥಿ ಮೂರನೆಯ ಸ್ಥಾನಕ್ಕೆ ಇಳಿದರು. ಮರುವರ್ಷ ಪುತ್ತಿಲರು ಭಾಜಪಕ್ಕೆ ಸೇರಿದರು. ನಾಯಕರನ್ನು ನಾವು ದೂಷಿಸುತ್ತಿಲ್ಲ. ರಾಜಕಾರಣದಲ್ಲಿ ಇದು ಹೊಸದಲ್ಲ. ಆದರೆ ಇವರೆಲ್ಲರ ಹಿಂದೆ ನಡೆದ ಸಾವಿರಾರು ಜನರ ಸಿದ್ಧಾಂತವು ಎರಡು ಚುನಾವಣೆಗಳ ನಡುವೆ ಬದಲಾಯಿತೆಂದು ಯಾರು ನಂಬುತ್ತಾರೆ? ಬದಲಾದದ್ದು ವ್ಯಕ್ತಿಯ ಮೇಲಿನ ಅಭಿಮಾನ, ಸ್ವಜಾತಿಯ ಲೆಕ್ಕ, ಟಿಕೆಟು ಸಿಗದ ಅವಮಾನ. ಪಂಥದ ಹೆಸರನ್ನು ಆಮೇಲೆ ಅಂಟಿಸಿದ್ದು.

ಪುತ್ತೂರಿನವರನ್ನು ಮಾತ್ರ ಬೊಟ್ಟು ಮಾಡಿ ತೋರಿಸಿದರೆ ನಾವು ಅಪ್ರಾಮಾಣಿಕರಾಗುತ್ತೇವೆ. ನಮ್ಮ ಸಮಾಜದ ಕಥೆಯೇನು? 1989ರಲ್ಲಿ ವೀರೇಂದ್ರ ಪಾಟೀಲರ ನೇತೃತ್ವದಲ್ಲಿ ಕಾಂಗ್ರೆಸ್ 178 ಸ್ಥಾನಗಳನ್ನು ಗೆದ್ದಿತು. 1990ರ ಅಕ್ಟೋಬರಿನಲ್ಲಿ, ಅವರು ಅಸ್ವಸ್ಥರಾಗಿದ್ದಾಗ, ರಾಜೀವ ಗಾಂಧಿಯವರು ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಅವರ ಬದಲಾವಣೆಯನ್ನು ಘೋಷಿಸಿದರು. ನಾವು ಆಗ ವಿದ್ಯಾರ್ಥಿಗಳು. ತಾತನ ಕಾಲದಿಂದ ಕಾಂಗ್ರೆಸ್ ಎಂದು ಹೇಳಿಕೊಳ್ಳುತ್ತಿದ್ದ ಮನೆತನಗಳು ಒಂದು ವಾರದೊಳಗೆ ಬೇರೆ ಮಾತನಾಡಿದ್ದನ್ನು ಕಿವಿಯಾರೆ ಕೇಳಿದ್ದೇವೆ. 1994ರಲ್ಲಿ ಆ ಪಕ್ಷಕ್ಕೆ 34 ಸ್ಥಾನಗಳಷ್ಟೇ ದಕ್ಕಿದವು. ಭೂಮಿ, ಕೂಲಿ, ಅಂತರ್ಜಾತಿ ವಿವಾಹ, ದಲಿತರ ಬಾವಿ ಇವುಗಳ ಬಗೆಗೆ ಆ ಮನೆತನಗಳ ಅಭಿಪ್ರಾಯ ಎಳ್ಳಷ್ಟೂ ಬದಲಾಗಿರಲಿಲ್ಲ. ನೊಂದ ಸ್ವಾಭಿಮಾನವು ಹೊಸ ಪಂಥವನ್ನು ಹುಡುಕಿಕೊಂಡಿತ್ತು, ಅಷ್ಟೆ. ಬಳಿಕ ಅದಕ್ಕೆ ಶಾಸ್ತ್ರವನ್ನು ಒದಗಿಸಿದವರು ಯಾರು? ಕೆಲಮಟ್ಟಿಗೆ ನಾವೇ, ಮಠದವರು. ಬಸವಣ್ಣನವರನ್ನು ಸಮತಾವಾದಿಯೆಂದು ಒಂದು ವೇದಿಕೆಯಲ್ಲಿ, ಸನಾತನ ಸಂಸ್ಕೃತಿಯ ರಕ್ಷಕರೆಂದು ಇನ್ನೊಂದು ವೇದಿಕೆಯಲ್ಲಿ, ಕರೆದವರ ಮುಖ ನೋಡಿ ವರ್ಣಿಸಿದ ಪೀಠಾಧಿಪತಿಗಳಿದ್ದಾರೆ. ಒಮ್ಮೆ ಒಬ್ಬ ಅಭ್ಯರ್ಥಿಯ ಪಕ್ಕದಲ್ಲಿ ಕುಳಿತು ನಾವೂ ಹಾಗೆಯೇ ಮಾತನಾಡಿದ್ದೇವೆ. ಮಠದ ಕಟ್ಟಡಕ್ಕೆ ಅನುದಾನ ಬರಬೇಕಿತ್ತು. ಅನುದಾನ ಬಂದಿತು. ಆ ದಿನದ ಛಾಯಾಚಿತ್ರ ಕಾರ್ಯಾಲಯದ ಗೋಡೆಯ ಮೇಲೆ ಬಹುಕಾಲವಿತ್ತು; ಈಗ ತೆಗೆಸಿದ್ದೇವೆ.

“ಹಾಗಾದರೆ ನಾವು ಮಧ್ಯದವರು” ಎಂದು ಕೆಲವರು ಈ ಹಂತದಲ್ಲಿ ನೆಮ್ಮದಿಯಿಂದ ಹೇಳುವುದುಂಟು. ಅವರ ಮೇಲೆ ನಮಗೆ ಇನ್ನೂ ಕಡಿಮೆ ಗೌರವ. ಅವರಲ್ಲಿ ಹೆಚ್ಚಿನವರು ವಿಚಾರ ಮಾಡಿ ಮಧ್ಯಕ್ಕೆ ಬಂದವರಲ್ಲ. ಎರಡೂ ಕಡೆಯ ಮದುವೆಗೆ ಹೋಗುವವರು.

ವಿಚಾರದಿಂದ ನಿಲುವು ತಳೆದವರು ಇಲ್ಲವೆಂದು ನಾವು ಹೇಳುತ್ತಿಲ್ಲ. ಕಮ್ಯುನಿಸ್ಟರಾದ ಬಿ.ವಿ. ಕಕ್ಕಿಲ್ಲಾಯರು ಪುತ್ತೂರಿನ ನೆರೆಯ ಸೀಮೆಯಿಂದ 1970ರ ದಶಕದಲ್ಲಿ ವಿಧಾನಸಭೆಗೆ ಹೋದವರು; ಸೋತಾಗಲೂ ಬಾವುಟ ಬದಲಿಸಲಿಲ್ಲ. ಅವರ ದೇವರಿಲ್ಲದ ಸಿದ್ಧಾಂತವನ್ನು ನಾವು ಒಪ್ಪಲಾರೆವು, ಆದರೆ ನಿಷ್ಠೆಗೆ ತಲೆಬಾಗುತ್ತೇವೆ. ಪುತ್ತೂರಿನ ಬಾಲವನದಲ್ಲಿ ಬಾಳಿದ ಶಿವರಾಮ ಕಾರಂತರು ತುರ್ತು ಪರಿಸ್ಥಿತಿಯನ್ನು ಪ್ರತಿಭಟಿಸಿ ಪದ್ಮಭೂಷಣವನ್ನು ಹಿಂದಿರುಗಿಸಿದರು. 1989ರಲ್ಲಿ, 87ನೆಯ ವಯಸ್ಸಿನಲ್ಲಿ, ಪರಿಸರದ ಪ್ರಶ್ನೆಯನ್ನು ಹಿಡಿದು ಲೋಕಸಭೆಗೆ ಸ್ಪರ್ಧಿಸಿ ಸೋತರು. ಎಡದವರೂ ಬಲದವರೂ ಅವರನ್ನು ಪೂರ್ತಿಯಾಗಿ ತಮ್ಮವರೆನ್ನಲಾರರು. ಇವರು ತಮ್ಮ ಮಾತಿಗೆ ಬೆಲೆ ತೆತ್ತರು. ನಮ್ಮ ಗೃಹಸ್ಥರೂ ಮೇಷ್ಟ್ರೂ ನಾವೂ ಈವರೆಗೆ ಏನು ತೆತ್ತಿದ್ದೇವೆ?

ಆ ಮಧ್ಯಾಹ್ನ ನಾವು ಉತ್ತರದ ಬದಲು ಒಂದು ಪ್ರಶ್ನೆಯನ್ನು ಇಟ್ಟೆವು: “ಕೊನೆ ತೆಗೆಯುವ ಆಳು ಅಡಿಕೆ ಮರದಿಂದ ಬಿದ್ದು ನಡು ಮುರಿದುಕೊಂಡರೆ ಅವನ ಸಂಸಾರವನ್ನು ಯಾರು ಸಾಕಬೇಕು?” ಬಲಪಂಥದ ಗೃಹಸ್ಥರು, “ಸರಕಾರ ಪರಿಹಾರ ಕೊಡಬೇಕು, ಬುದ್ಧಿ” ಎಂದರು. ಎಡಪಂಥದ ಮೇಷ್ಟ್ರು, “ತೋಟದ ಯಜಮಾನರಿಗೆ ಧರ್ಮವೆಂಬುದು ಇರಬೇಡವೆ?” ಎಂದರು. ಹೇಳಿದ ಮೇಲೆ ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿ ನಕ್ಕರು. ನಮಗೂ ನಗು ಬಂತು. ಹೊರಗೆ ಅಂಗಳದಲ್ಲಿ ಆಳೊಬ್ಬನು ಅಡಿಕೆ ಹರವುತ್ತಿದ್ದನು. ಮಾತು ಅವನಿಗೆ ಕೇಳಿಸುವಷ್ಟು ಹತ್ತಿರದಲ್ಲಿಯೇ ಇದ್ದನು. ಅವನು ಯಾವ ಪಂಥವೆಂದು ನಮ್ಮ ಮೂವರಲ್ಲಿ ಯಾರೂ ಕೇಳಲಿಲ್ಲ.